ಫ್ರಾನ್ಸಿನ ಕೀಲುಬೊಂಬೆಗಳು: ಒಂದು ಕರ್ತೃತ್ವ ವಿಚಾರ

ಒಳಗೆ ಅಡಗಿದ ಯಂತ್ರದ ಬಲದಿಂದ ತಾನೇ ಚಲಿಸುವ, ಮನುಷ್ಯನ ಇಲ್ಲವೆ ಪ್ರಾಣಿಯ ಆಕಾರವುಳ್ಳ ಬೊಂಬೆಯನ್ನು ಪಾಶ್ಚಾತ್ಯರು ಆಟೊಮೆಟನ್ ಎಂದು ಕರೆಯುತ್ತಾರೆ. ನಮ್ಮ ಕಥೆಗಳಲ್ಲಿ ಬರುವ ಕೀಲುಕುದುರೆ ಇದೇ ಜಾತಿಗೆ ಸೇರಿದ ಕಲ್ಪನೆ. ಹನ್ನೊಂದನೆಯ ಶತಮಾನದ ಭೋಜರಾಜನ ‘ಸಮರಾಂಗಣ ಸೂತ್ರಧಾರ’ದಲ್ಲಿ ಇಂಥ ಯಂತ್ರಗಳ ವಿಚಾರಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಆದರೆ ಕಲ್ಪನೆ ಬೇರೆ, ಕಣ್ಣೆದುರಿಗೆ ನಿಂತು ಆಡುವ ಬೊಂಬೆ ಬೇರೆ. ಇಂಥ ಬೊಂಬೆಗಳನ್ನು ಮಾಡುವ ಕಲೆ ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳಲ್ಲಿ ಫ್ರಾನ್ಸ್ ದೇಶದಲ್ಲಿಯೂ ಅದರ ನೆರೆಯ ಫ್ರೆಂಚ್ ನುಡಿಯ ಸ್ವಿಸ್ ಕಣಿವೆಗಳಲ್ಲಿಯೂ ಮುಟ್ಟಿದ ಎತ್ತರ ಬೆರಗನ್ನು ಹುಟ್ಟಿಸುವಂಥದು. ಪ್ರಕೃತ ಲೇಖನದಲ್ಲಿ ಇವನ್ನು ‘ಕೀಲುಬೊಂಬೆ’ ಎಂಬ ಹೆಸರಿನಿಂದಲೇ ಕರೆದಿದೆ.

ಕರ್ತೃತ್ವ ವಿಚಾರವೆಂದೊಡನೆ ನಮ್ಮ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಗ್ರಂಥಸಂಪಾದನೆಯ ನೆನಪಾಗುವುದು ಸಹಜ. ಒಂದು ಕೃತಿಯ ಕರ್ತೃ ಯಾರೆಂಬುದನ್ನು ಅಂಕಿತದಿಂದ, ಗ್ರಂಥಾಂತ್ಯದ ಪದ್ಯದಿಂದ, ಶಾಸನಗಳ ಉಲ್ಲೇಖದಿಂದ ನಿರ್ಣಯಿಸುವ ಕ್ರಮ ನಮಗೆ ಚೆನ್ನಾಗಿ ಪರಿಚಿತವಾದುದು. ಇದೇ ಪ್ರಶ್ನೆಯನ್ನು ಯಂತ್ರವೊಂದರ ವಿಷಯದಲ್ಲಿ ಕೇಳಿದರೆ ಉತ್ತರ ಅಷ್ಟು ಸುಲಭವಾಗಿ ದೊರೆಯುವುದಿಲ್ಲ. ಬೊಂಬೆಯನ್ನು ಯೋಚಿಸಿದವನೊಬ್ಬ, ಹಲ್ಲುಚಕ್ರಗಳನ್ನು ಕೊರೆದವನೊಬ್ಬ, ಮುಖವನ್ನು ಮಾಡಿದವನೊಬ್ಬ, ಉಡುಪನ್ನು ಹೊಲಿದವಳೊಬ್ಬಳು. ಕೊನೆಗೆ ಉಳಿಯುವ ಹೆಸರು ಮಾತ್ರ ಒಂದೇ. ಕೀಲುಬೊಂಬೆಗಳ ಚರಿತ್ರೆಯನ್ನು ಬರೆದವರು ಹೆಚ್ಚಾಗಿ ಅವುಗಳ ಚಮತ್ಕಾರವನ್ನು ವರ್ಣಿಸಿ ತೃಪ್ತರಾಗಿದ್ದಾರೆ. ಚರಿತ್ರೆಯ ವಿದ್ಯಾರ್ಥಿಯು ಅದನ್ನು ದಾಟಿ, ಈ ಹೆಸರುಗಳು ಹೇಗೆ ಉಳಿದವು, ಅವುಗಳ ಹಿಂದಿನ ಕೈಗಳು ಯಾರವು ಎಂಬುದನ್ನು ವಿಚಾರಿಸಬೇಕಾಗುತ್ತದೆ. ಹಾಗೆ ವಿಚಾರಿಸಿದಾಗ ಬೊಂಬೆಯೇ ಒಂದು ದಾಖಲೆಯಾಗಿ ಮಾತನಾಡತೊಡಗುವುದುಂಟು.

ಈ ಚರಿತ್ರೆಯ ಆದಿಪುರುಷನೆಂದು ಎಲ್ಲರೂ ಒಪ್ಪುವವನು ಜಾಕ್ ದ ವೋಕಾನ್ಸನ್. ಆತನು ೧೭೦೯ರಲ್ಲಿ ಗ್ರೆನೋಬ್ಲ್ ನಗರದಲ್ಲಿ ಕೈಚೀಲಗಳನ್ನು, ಎಂದರೆ ಚಳಿಗೆ ಕೈಗೆ ತೊಡುವ ಚರ್ಮದ ಗವಸುಗಳನ್ನು, ಮಾಡುವವನೊಬ್ಬನ ಮಗನಾಗಿ ಹುಟ್ಟಿದನು. ೧೭೩೮ರಲ್ಲಿ ಪ್ಯಾರಿಸ್ಸಿನ ಜನರ ಮುಂದೆ ಆತನು ಇಟ್ಟ ಮೊದಲ ಬೊಂಬೆ ಕೊಳಲು ನುಡಿಸುವ ಒಂದು ಆಳೆತ್ತರದ ವಿಗ್ರಹ. ಶಿಲ್ಪಿ ಕ್ವಾಸ್ವೋ ಕಡೆದಿದ್ದ ವನದೇವತೆಯೊಂದರ ಮೂರ್ತಿಯನ್ನು ಅನುಸರಿಸಿ ಅದನ್ನು ಮಾಡಲಾಗಿತ್ತು. ಅದು ಬಂಡೆಯ ಮೇಲೆ ಕುಳಿತು, ಅಡ್ಡಗೊಳಲನ್ನು ತುಟಿಗಿಟ್ಟು, ಹನ್ನೆರಡು ಬೇರೆ ಬೇರೆ ಗತ್ತುಗಳನ್ನು ನುಡಿಸುತ್ತಿತ್ತು. ಬೊಂಬೆ ಕೊಳಲು ಹಿಡಿದಂತೆ ನಟಿಸುತ್ತಿದೆ, ನಾದ ಹೊರಡುವುದು ಒಳಗೆ ಬಚ್ಚಿಟ್ಟ ಬೇರೊಂದು ವಾದ್ಯದಿಂದ ಎಂದು ಹಲವರು ಸಂಶಯಪಟ್ಟರು. ವಾಸ್ತವದಲ್ಲಿ ಬೊಂಬೆ ನಿಜವಾದ ಕೊಳಲನ್ನು ನಿಜವಾಗಿ ಊದುತ್ತಿತ್ತು. ಬೇರೆ ಕೊಳಲನ್ನು ಕೊಟ್ಟರೂ ನುಡಿಸಬಲ್ಲಂತೆ ಅದನ್ನು ರಚಿಸಲಾಗಿತ್ತು.

ಇದರ ಒಳರಚನೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಅವಶ್ಯಕ. ಏಕೆಂದರೆ ಮುಂದಿನ ನೂರೈವತ್ತು ವರ್ಷಗಳ ಬೊಂಬೆಗಳೆಲ್ಲ ಇದೇ ತತ್ತ್ವದ ಮೇಲೆ ನಿಂತಿವೆ. ಪೀಠದಲ್ಲಿ ಭಾರದ ಇಳಿತದಿಂದ ನಡೆಯುವ ಗಡಿಯಾರದಂಥ ಯಂತ್ರವಿತ್ತು. ಅದು ಒಂದು ಕಡೆ ಒಂಬತ್ತು ತಿದಿಗಳನ್ನು ಒತ್ತುತ್ತಿತ್ತು. ಇನ್ನೊಂದು ಕಡೆ ಮೈತುಂಬ ಮೊಳೆಗಳನ್ನು ಹೊಡೆದ ಮರದ ಉರುಳೆಯೊಂದನ್ನು ನಿಧಾನವಾಗಿ ತಿರುಗಿಸುತ್ತಿತ್ತು. ತಿದಿಗಳಲ್ಲಿ ಮೂರು ಮೂರರ ಮೂರು ಗುಂಪುಗಳು. ಒಂದು ಗುಂಪಿನ ಮೇಲೆ ನಾಲ್ಕು ಪೌಂಡಿನ ಭಾರ, ಇನ್ನೊಂದರ ಮೇಲೆ ಎರಡು ಪೌಂಡಿನ ಭಾರ, ಮೂರನೆಯದರ ಮೇಲೆ ಅದರ ಹಲಗೆಯ ಭಾರ ಮಾತ್ರ. ಹೀಗೆ ಗಾಳಿಯು ಮೂರು ಬಲಗಳಲ್ಲಿ ಎದೆಗೆ ಏರುತ್ತಿತ್ತು. ಉರುಳೆಯ ಮೊಳೆಗಳು ತಗುಲಿದಂತೆ ಹದಿನೈದು ಸನ್ನೆಗೋಲುಗಳು ಎದ್ದು ಬೀಳುತ್ತಿದ್ದವು: ಬೆರಳುಗಳಿಗೆ ಏಳು, ಗಾಳಿಯ ಬಲಕ್ಕೆ ಮೂರು, ತುಟಿಗಳಿಗೆ ನಾಲ್ಕು, ನಾಲಗೆಗೆ ಒಂದು. ತುಟಿಗಳು ತೆರೆಯಬೇಕು, ಮುಚ್ಚಬೇಕು, ಮುಂದೆ ಚಾಚಬೇಕು, ಹಿಂದೆ ಸರಿಯಬೇಕು. ಆದುದರಿಂದಲೇ ಅವಕ್ಕೆ ನಾಲ್ಕು. ಬೆರಳ ತುದಿಗಳಿಗೆ ಚರ್ಮವನ್ನು ಹೊದಿಸಲಾಗಿತ್ತು. ಬರಿಯ ಮರವೋ ಲೋಹವೋ ಆಗಿದ್ದರೆ ಕೊಳಲಿನ ರಂಧ್ರಗಳು ಸರಿಯಾಗಿ ಮುಚ್ಚುತ್ತಿರಲಿಲ್ಲ.

ಕೊಳಲು ನುಡಿಸಿದವರಿಗೆ ಈ ರಚನೆಯ ಅಂತರಾರ್ಥ ಥಟ್ಟನೆ ಹೊಳೆಯುತ್ತದೆ. ಬೆರಳು ಅಲುಗಿಸದೆ ಕೇವಲ ಉಸಿರಿನ ಬಲವನ್ನೂ ತುಟಿಯ ಆಕಾರವನ್ನೂ ಬದಲಿಸಿ ಸ್ವರವನ್ನು ಮೇಲಿನ ಸ್ಥಾಯಿಗೆ ಏರಿಸುವುದು ವೇಣುವಾದನದ ಮರ್ಮ. ಆ ಮರ್ಮವನ್ನು ವೋಕಾನ್ಸನ್ ಅಳೆದು, ತೂಗಿ, ಸನ್ನೆಗೋಲುಗಳಿಗೆ ಇಳಿಸಿದನು. ೧೭೩೮ರ ಏಪ್ರಿಲ್ ೩೦ರಂದು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಆತನ ಪ್ರಬಂಧವನ್ನು ಪರಿಶೀಲಿಸಿ ಮನ್ನಣೆ ಕೊಟ್ಟಿತು. ಅದೇ ವರ್ಷ ಅದು ಅಚ್ಚಾಯಿತು. ೧೭೪೨ರಲ್ಲಿ ಇಂಗ್ಲಿಷಿಗೂ ಭಾಷಾಂತರವಾಯಿತು. ಸಣ್ಣ ಪಿಳ್ಳಂಗೋವಿಯನ್ನೂ ಚಿಕ್ಕ ಮದ್ದಳೆಯನ್ನೂ ಒಟ್ಟಿಗೆ ನುಡಿಸುವ ಎರಡನೆಯ ಬೊಂಬೆಯನ್ನು ಮಾಡುವಾಗ, ಅತ್ಯಂತ ಮೇಲಿನ ಸ್ವರಕ್ಕೆ ವಾದಕನ ಎದೆಯು ಸುಮಾರು ೫೬ ಪೌಂಡುಗಳಷ್ಟು ಒತ್ತಡವನ್ನು ಹೊರಡಿಸಬೇಕಾಗುತ್ತದೆಂದು ಆತನು ಲೆಕ್ಕಹಾಕಿದನು. ಎಂದ ಮೇಲೆ ಇವು ಕೇವಲ ವಿನೋದದ ವಸ್ತುಗಳಲ್ಲ. ಮನುಷ್ಯನ ದೇಹವು ಮಾಡುವ ಕೆಲಸವನ್ನು ತಿಳಿಯುವುದಕ್ಕಾಗಿ ಅದನ್ನು ಮತ್ತೆ ಕಟ್ಟಿನೋಡಿದ ಪ್ರಯೋಗಗಳು. ೧೭೫೧ರಲ್ಲಿ ಹೊರಬಂದ ಫ್ರೆಂಚ್ ವಿಶ್ವಕೋಶದ ಮೊದಲನೆಯ ಸಂಪುಟವು ಈ ಕೊಳಲುಗಾರನಿಗೆ ಅಷ್ಟು ಸ್ಥಳವನ್ನು ಕೊಟ್ಟುದಕ್ಕೆ ಇದೇ ಕಾರಣ.

ಮೂರನೆಯ ಬೊಂಬೆಯಾದ ಬಾತುಕೋಳಿಯ ಕೀರ್ತಿ ಇವೆರಡನ್ನೂ ಮೀರಿಸಿತು. ಆದರೆ ಅದಕ್ಕೆ ಅದು ಅರ್ಹವಾಗಿತ್ತೆಂದು ಹೇಳಲಾರೆ. ಬಂಗಾರದ ಮುಲಾಮು ಕೊಟ್ಟ ತಾಮ್ರದ ಆ ಹಕ್ಕಿ ರೆಕ್ಕೆ ಬಡಿಯುತ್ತಿತ್ತು, ನೀರು ಕುಡಿಯುತ್ತಿತ್ತು, ಕಾಳು ತಿನ್ನುತ್ತಿತ್ತು, ತಿಂದದ್ದನ್ನು ಜೀರ್ಣಿಸಿ ಹಿಂದಿನಿಂದ ವಿಸರ್ಜಿಸುತ್ತಿತ್ತು. ಒಳಗೆ ಆಹಾರವು ನಿಜವಾಗಿ ಕರಗುತ್ತದೆಂದು ವೋಕಾನ್ಸನ್ ಸಾರಿದ್ದನು. ಅದು ಸುಳ್ಳು. ಮುಂದೆ ಪ್ರಸಿದ್ಧನಾದ ಜಾದೂಗಾರ ರೊಬೇರ್ ಊದ್ಯಾಂ ೧೮೪೪ರಲ್ಲಿ ಪ್ಯಾರಿಸ್ಸಿಗೆ ಬಂದ ಬಾತುಕೋಳಿಯ ರೆಕ್ಕೆಯನ್ನು ದುರಸ್ತಿ ಮಾಡುವಾಗ ಒಳಗುಟ್ಟನ್ನು ಕಂಡುಕೊಂಡನು: ತಿಂದ ಕಾಳು ಒಂದು ಕಡೆ ಉಳಿಯುತ್ತಿತ್ತು, ಮೊದಲೇ ತುಂಬಿಟ್ಟಿದ್ದ ಹಸಿರು ಬಣ್ಣದ ರೊಟ್ಟಿಯ ಪುಡಿ ಇನ್ನೊಂದು ಕಡೆಯಿಂದ ಹೊರಬರುತ್ತಿತ್ತು. ಒಬ್ಬನೇ ಮನುಷ್ಯನು ಕೊಳಲಿನ ವಿಷಯದಲ್ಲಿ ಸತ್ಯವನ್ನೇ ಹೇಳಿ ಬಾತುಕೋಳಿಯ ವಿಷಯದಲ್ಲಿ ಜನರನ್ನು ಮರುಳುಗೊಳಿಸಿದುದು ವಿಚಿತ್ರ. ಮೆಚ್ಚಿಗೆ ಹೆಚ್ಚಾಗಿ ಸಂದದ್ದು ಎರಡನೆಯದಕ್ಕೇ ಎಂಬುದು ಇನ್ನೂ ವಿಚಿತ್ರ. ವೋಕಾನ್ಸನ್ ೧೭೪೩ರಲ್ಲಿ ಮೂರು ಬೊಂಬೆಗಳನ್ನೂ ಮಾರಿಬಿಟ್ಟನು. ೧೮೦೫ರಲ್ಲಿ ಜರ್ಮನಿಯ ಹೆಲ್ಮ್‌ಷ್ಟೆಟ್ ಊರಿನಲ್ಲಿ ಕವಿ ಗಯಟೆ ಅವನ್ನು ನೋಡಿದಾಗ ಕೊಳಲುಗಾರ ಮೌನವಾಗಿದ್ದನು. ಗರಿಗಳನ್ನು ಕಳೆದುಕೊಂಡ ಬಾತು ಓಟ್ ಕಾಳುಗಳನ್ನು ತಿನ್ನುತ್ತಿತ್ತು, ಅಷ್ಟೆ. ಮೂರರಲ್ಲಿ ಒಂದೂ ಇಂದು ಉಳಿದಿಲ್ಲ.

ಆದರೆ ವೋಕಾನ್ಸನ್ನನ ಕಥೆ ಬೊಂಬೆಗಳ ಮಾರಾಟದೊಡನೆ ಮುಗಿಯುವುದಿಲ್ಲ. ಚರಿತ್ರೆಯ ದೃಷ್ಟಿಯಿಂದ ನೋಡಿದರೆ ಅದು ಅಲ್ಲಿಂದಲೇ ಆರಂಭವಾಗುತ್ತದೆ. ೧೭೪೧ರಲ್ಲಿ ರಾಜನ ಮುಖ್ಯಮಂತ್ರಿ ಕಾರ್ಡಿನಲ್ ಫ್ಲೂರಿಯು ಆತನನ್ನು ರೇಷ್ಮೆ ಕೈಗಾರಿಕೆಗಳ ತನಿಖಾಧಿಕಾರಿಯಾಗಿ ನೇಮಿಸಿದನು. ಫ್ರಾನ್ಸಿನ ರೇಷ್ಮೆಯ ಕೇಂದ್ರ ಲಿಯೋನ್ ನಗರ. ಅಲ್ಲಿನ ನೇಕಾರರಿಗೂ ಬಟ್ಟೆಯ ವರ್ತಕರಿಗೂ ಬಹುಕಾಲದಿಂದ ಹಗೆಯಿತ್ತು. ವೋಕಾನ್ಸನ್ ಕೈಹಾಕಿದ ಹೊಸ ಕಟ್ಟಳೆ ೧೭೪೪ರಲ್ಲಿ ಜಾರಿಗೆ ಬಂದಿತು. ಅದು ವರ್ತಕರ ಪಕ್ಷಕ್ಕೆ ಅನುಕೂಲವಾಗಿತ್ತು. ನೇಕಾರರು ಮಗ್ಗಗಳನ್ನು ನಿಲ್ಲಿಸಿ ಬೀದಿಗಿಳಿದರು. ನಗರ ಕೆಲವು ದಿನ ಅವರ ಕೈಯಲ್ಲಿತ್ತು. ತನಿಖಾಧಿಕಾರಿಯು ಪ್ರಾಣಭಯದಿಂದ ಗುಟ್ಟಾಗಿ ಊರು ಬಿಟ್ಟನು. ಕ್ರೈಸ್ತ ಸಂನ್ಯಾಸಿಯ ವೇಷದಲ್ಲಿ ಓಡಿದನೆಂದು ಹೇಳುವುದುಂಟು. ಕಟ್ಟಳೆಯನ್ನು ಹಿಂತೆಗೆದುಕೊಂಡಂತೆ ಮಾಡಿ, ಮರುವರ್ಷ ಸೈನ್ಯದ ಬೆಂಬಲದಿಂದ ಮತ್ತೆ ಹೇರಲಾಯಿತು.

ಅನಂತರ ಆತನು ಕಟ್ಟಿದುದು ಒಂದು ಮಗ್ಗ. ಹೂಬಳ್ಳಿಗಳನ್ನು ನೇಯುವ ಆ ಕಾಲದ ರೇಷ್ಮೆ ಮಗ್ಗಕ್ಕೆ ನೇಕಾರನಲ್ಲದೆ ಇನ್ನೊಬ್ಬ ಆಳು ಬೇಕಾಗಿತ್ತು. ಚಿತ್ರಕ್ಕೆ ತಕ್ಕಂತೆ ಹಾಸಿನ ಎಳೆಗಳನ್ನು ಎತ್ತುವ ಹುರಿಗಳನ್ನು ದಿನವಿಡೀ ಎಳೆಯುತ್ತ ನಿಲ್ಲುವುದು ಆ ಆಳಿನ ಕೆಲಸ. ಅದಕ್ಕೆ ಸಾಮಾನ್ಯವಾಗಿ ಹೆಣ್ಣುಮಕ್ಕಳನ್ನೂ ಹುಡುಗರನ್ನೂ ಇಡುತ್ತಿದ್ದರು. ವೋಕಾನ್ಸನ್ ಆ ಸ್ಥಾನದಲ್ಲಿ ರಂಧ್ರಗಳುಳ್ಳ ಉರುಳೆಯೊಂದನ್ನು ಮಗ್ಗದ ಮೇಲೆ ಇಟ್ಟನು. ಕೊಳಲುಗಾರನ ಬೆರಳುಗಳನ್ನು ನಡೆಸಿದ ಉರುಳೆಯ ಸೋದರನೇ ಇದು. ಅಲ್ಲಿ ಮೊಳೆ, ಇಲ್ಲಿ ರಂಧ್ರ. ಕತ್ತೆ ತಿರುಗಿಸಿದರೂ ಈ ಮಗ್ಗ ನಿಪುಣ ನೇಕಾರನಿಗಿಂತ ಚೆನ್ನಾಗಿ ನೇಯುತ್ತದೆಂಬ ಮಾತು ಆಗ ಪ್ರಚಾರದಲ್ಲಿತ್ತು. ನೇಕಾರರ ಕಿವಿಗೆ ಅದು ಹೇಗೆ ಕೇಳಿಸಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ. ಪ್ಯಾರಿಸ್ಸಿನಲ್ಲಿ ಕೊಳಲು ನುಡಿಸಿದ ಬೊಂಬೆಗೆ ಚಪ್ಪಾಳೆ ತಟ್ಟಿದವರ ಅನ್ನವನ್ನು ಅದು ಕಸಿಯುವಂತಿರಲಿಲ್ಲ. ಲಿಯೋನಿನಲ್ಲಿ ಯಂತ್ರದ ಕೈಯನ್ನು ಕಂಡವರ ಸ್ಥಿತಿಯೇ ಬೇರೆ.

ಮಗ್ಗ ಆತನ ಜೀವಿತಕಾಲದಲ್ಲಿ ಬಳಕೆಗೆ ಬರಲಿಲ್ಲ. ೧೭೮೨ರಲ್ಲಿ ಸಾಯುವಾಗ ವೋಕಾನ್ಸನ್ ತನ್ನ ಯಂತ್ರಗಳ ಸಂಗ್ರಹವನ್ನು ರಾಜನಿಗೆ ಬಿಟ್ಟನು. ೧೭೯೪ರಲ್ಲಿ ಸ್ಥಾಪಿತವಾದ ಪ್ಯಾರಿಸ್ಸಿನ ಕಲೆ ಮತ್ತು ಕಸಬುಗಳ ಸಂಗ್ರಹಾಲಯಕ್ಕೆ ಅದು ಸೇರಿತು. ಅಲ್ಲಿದ್ದ ಮಗ್ಗವನ್ನು ಪರೀಕ್ಷಿಸಿದ ಲಿಯೋನಿನ ಜೋಸೆಫ್ ಮಾರಿ ಜಕಾರ್ಡ್ ೧೮೦೪ರ ಸುಮಾರಿಗೆ ತನ್ನ ಯಂತ್ರವನ್ನು ಸಿದ್ಧಗೊಳಿಸಿದನು. ರಂಧ್ರವಿರುವ ಕಾಗದದಿಂದ ಎಳೆಗಳನ್ನು ಆರಿಸುವ ಉಪಾಯವು ೧೭೨೫ರಲ್ಲಿ ಬೂಶೋನನಿಗೂ, ೧೭೨೮ರಲ್ಲಿ ಫಾಲ್ಕೋನನಿಗೂ ಹೊಳೆದಿತ್ತು. ಅದನ್ನು ಸ್ವಯಂಚಾಲಿತವಾಗಿ ಮಾಡಿದವನು ವೋಕಾನ್ಸನ್. ಲೋಕದಲ್ಲಿ ಉಳಿದ ಹೆಸರು ಜಕಾರ್ಡನದು. ನಮ್ಮ ನಾಡಿನ ರೇಷ್ಮೆ ಮಗ್ಗಗಳ ಮೇಲೆ ರಟ್ಟುಗಳ ಮಾಲೆಯನ್ನು ಹೊತ್ತು ನಿಂತಿರುವ ಚೌಕಟ್ಟನ್ನು ನಮ್ಮ ನೇಕಾರರು ‘ಜಕಾರ್ಡು’ ಎಂದೇ ಕರೆಯುತ್ತಾರೆ. ಆ ಮಾತಿನ ಹಿಂದೆ ಕೊಳಲೂದುವ ಬೊಂಬೆಯೊಂದು ಅಡಗಿದೆ ಎಂಬುದು ಕೇಳುವವರಿಗೆ ವಿನೋದವಾಗಿ ತೋರಬಹುದು.

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನ ಆಸ್ಥಾನವನ್ನು ಬೆರಗುಗೊಳಿಸಿದ ಬೊಂಬೆಗಳಲ್ಲಿ ಹಲವು ಹೊರನಾಡಿನವರ ಕೈಕೆಲಸ. ರಾಣಿ ಮೇರಿ ಆಂತ್ವಾನೆತ್‌ಳ ಸಂಗ್ರಹಕ್ಕೆ ಸೇರಿದ್ದ, ಎರಡು ಪುಟ್ಟ ಸುತ್ತಿಗೆಗಳಿಂದ ತಂತಿವಾದ್ಯವನ್ನು ಬಾರಿಸುವ ಚೆಲುವೆಯನ್ನು ಮಾಡಿದವರು ಜರ್ಮನಿಯ ನಾಯ್‌ವೀಡ್ ಊರಿನ ಗಡಿಯಾರಗಾರ ಕಿನ್ಸಿಂಗ್ ಮತ್ತು ಮರಗೆಲಸದ ರೊಂಟ್‌ಗನ್. ಅದು ಈಗಲೂ ಪ್ಯಾರಿಸ್ಸಿನ ಮೇಲೆ ಹೇಳಿದ ಸಂಗ್ರಹಾಲಯದಲ್ಲಿದೆ. ೧೭೭೪ರಲ್ಲಿ ಪ್ರದರ್ಶಿತವಾದ ಜಾಕೆ-ದ್ರೋ ಮನೆತನದ ಮೂರು ಬೊಂಬೆಗಳು, ಎಂದರೆ ಲೇಖಕ, ಚಿತ್ರಕಾರ ಮತ್ತು ವಾದಕಿ, ಸ್ವಿಸ್ ನಾಡಿನ ನ್ಯೂಶಾತೆಲಿನ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಕೆಲಸಮಾಡುತ್ತವೆ. ಲೇಖಕನೊಳಗೆ ಸುಮಾರು ೬೦೦೦ ಬಿಡಿಭಾಗಗಳಿವೆ. ಬೆನ್ನ ಹಿಂದಿನ ಚಕ್ರದ ಮೇಲಿನ ತುಂಡುಗಳನ್ನು ಹೊಂದಿಸಿ ೪೦ ಅಕ್ಷರಗಳವರೆಗಿನ ಯಾವ ವಾಕ್ಯವನ್ನಾದರೂ ಅವನಿಂದ ಬರೆಸಬಹುದು. ಉರುಳೆಯಲ್ಲಿ ನೆಟ್ಟ ಮೊಳೆ ಒಂದೇ ಪಾಠವನ್ನು ಒಪ್ಪಿಸುತ್ತದೆ. ಈ ಚಕ್ರ ಪಾಠವನ್ನೇ ಬದಲಿಸಿಕೊಳ್ಳುತ್ತದೆ. ಈ ಕೆಲಸ ಪಿಯೇರ್ ಜಾಕೆ-ದ್ರೋ, ಅವನ ಮಗ ಆನ್ರಿ ಲೂಯಿ ಮತ್ತು ಅವರ ಜೊತೆಗಾರ ಲೆಶೋ ಮೂವರದೂ ಹೌದು. ಲೆಶೋವಿನ ಹೆಸರು ಮಾತ್ರ ಜನರ ಬಾಯಲ್ಲಿ ಉಳಿದಿಲ್ಲ.

ಕರ್ತೃತ್ವ ನಿರ್ಣಯದ ಅತ್ಯಂತ ರಸವತ್ತಾದ ನಿದರ್ಶನ ದೊರೆಯುವುದು ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ. ೧೯೨೮ರ ನವೆಂಬರಿನಲ್ಲಿ ಅಲ್ಲಿನ ಫ್ರಾಂಕ್ಲಿನ್ ಸಂಸ್ಥೆಗೆ ಶ್ರೀಮಂತ ಮನೆತನವೊಂದರಿಂದ ಹಾಳಾದ ಹಿತ್ತಾಳೆಯ ಯಂತ್ರವೊಂದು ದಾನವಾಗಿ ಬಂದಿತು. ಅದು ಬೆಂಕಿಯ ಅನಾಹುತವೊಂದಕ್ಕೆ ಸಿಕ್ಕಿದ್ದಂತೆ ಕಾಣುತ್ತಿತ್ತು. ಅದು ಫ್ರಾನ್ಸಿನಲ್ಲಿ ಮೆಲ್ಜೆಲ್ ಎಂಬಾತನು ಮಾಡಿದುದೆಂದು ಆ ಮನೆಯವರು ನಂಬಿದ್ದರು. ಮೆಲ್ಜೆಲ್ ಸಾಮಾನ್ಯನಲ್ಲ, ಚದುರಂಗ ಆಡುವ ಸುಪ್ರಸಿದ್ಧ ಬೊಂಬೆಯನ್ನು ಅಮೆರಿಕದಲ್ಲೆಲ್ಲ ತೋರಿಸಿದವನು. ಸಂಸ್ಥೆಯ ಕುಶಲಕರ್ಮಿಯೊಬ್ಬನು ಅದನ್ನು ಬಿಚ್ಚಿ, ಬಾಗಿದ ಸರಳುಗಳನ್ನು ನೇರಮಾಡಿ, ಮತ್ತೆ ಜೋಡಿಸಿ ಸ್ಪ್ರಿಂಗು ಸುತ್ತಿದನು. ಕುಳಿತ ಬೊಂಬೆ ತಲೆ ತಗ್ಗಿಸಿ, ಕೈಯನ್ನು ಕಾಗದದ ಮೇಲೆ ಆಡಿಸಿ, ನಾಲ್ಕು ಚಿತ್ರಗಳನ್ನೂ ಮೂರು ಪದ್ಯಗಳನ್ನೂ ಬರೆಯಿತು. ಕೊನೆಯ ಪದ್ಯದ ಅಂಚಿನಲ್ಲಿ, ಇದನ್ನು ಬರೆದದ್ದು ಮಾಯಾರ್ದೆಯ ಬೊಂಬೆ ಎಂದು ಫ್ರೆಂಚ್ ಭಾಷೆಯಲ್ಲಿ ಸಹಿ ಹಾಕಿತು! ಆನ್ರಿ ಮಾಯಾರ್ದೆ ಸ್ವಿಸ್ ನಾಡಿನವನು; ಜಾಕೆ-ದ್ರೋ ಮನೆತನದೊಡನೆ ಸಂಬಂಧವಿದ್ದವನು; ಲಂಡನ್ನಿನಲ್ಲಿ ನೆಲಸಿ ೧೮೦೦ರ ಸುಮಾರಿಗೆ ಈ ಬೊಂಬೆಯನ್ನು ಮಾಡಿದವನು. ಮನೆತನದ ಐತಿಹ್ಯ ಹೇಳಿದ ದೇಶವೂ ತಪ್ಪು, ಕರ್ತೃವೂ ತಪ್ಪು. ವಚನಕಾರರ ಅಂಕಿತವನ್ನು ಬಲ್ಲ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹಿತ್ತಾಳೆಯ ಬಿಲ್ಲೆಗಳ ಅಂಚಿನ ಏರುತಗ್ಗುಗಳಲ್ಲಿ ಆ ಅಂಕಿತ ಅಡಗಿ ಕುಳಿತಿತ್ತು. ಓದುವುದಕ್ಕೆ ಯಂತ್ರವನ್ನು ನಡೆಸಬೇಕಾಗಿತ್ತು, ಅಷ್ಟೆ.

ಹತ್ತೊಂಬತ್ತನೆಯ ಶತಮಾನಕ್ಕೆ ಬಂದರೆ ಮತ್ತೆ ರೊಬೇರ್ ಊದ್ಯಾಂ ಎದುರಾಗುತ್ತಾನೆ. ೧೮೦೫ರಲ್ಲಿ ಬ್ಲ್ವಾ ಪಟ್ಟಣದಲ್ಲಿ ಗಡಿಯಾರಗಾರನ ಮಗನಾಗಿ ಹುಟ್ಟಿದ ಈತನು ಬರೆಯುವ, ಚಿತ್ರಿಸುವ ಬೊಂಬೆಯೊಂದನ್ನು ೧೮೪೪ರ ಪ್ಯಾರಿಸ್ ಪ್ರದರ್ಶನದಲ್ಲಿ ಇಟ್ಟು ಪದಕ ಪಡೆದನು. ೧೮೫೮ರಲ್ಲಿ ಪ್ರಕಟವಾದ ಆತ್ಮಚರಿತ್ರೆಯಲ್ಲಿ ಎರಡು ಸಂಗತಿಗಳನ್ನು ಹೇಳಿಕೊಂಡಿದ್ದಾನೆ. ಬೊಂಬೆಯ ಮುಖವನ್ನು ಚರ್ಚುಗಳಿಗೆ ಮೂರ್ತಿ ಕೆತ್ತುವವನೊಬ್ಬನಿಗೆ ವಹಿಸಿದಾಗ ಅದು ಮಹಾತ್ಮನೊಬ್ಬನ ಮುಖವಾಗಿಬಿಟ್ಟಿತು. ಬೇಸತ್ತು ತಾನೇ ಕೆತ್ತಿದಾಗ, ತನಗರಿಯದೆ ತನ್ನ ಮುಖವನ್ನೇ ಕೆತ್ತಿದ್ದನು. ಎರಡನೆಯದು ಇನ್ನೂ ಸ್ವಾರಸ್ಯವಾದುದು. ಯಂತ್ರವು ಸದ್ದಿಲ್ಲದೆ ನಡೆಯುವಂತೆ ಮಾಡಲು ಆತನು ಬಹಳ ಶ್ರಮಪಟ್ಟಿದ್ದನು. ನೋಡಿದವರು ‘ಒಳಗೆ ಹೆಚ್ಚೇನೂ ಇರಲಾರದು’ ಎಂದು ಹಗುರವಾಗಿ ಮಾತನಾಡಿದರು. ಆಗ ಬೇಕೆಂದೇ ಸ್ವಲ್ಪ ಗರಗರ ಶಬ್ದ ಬರುವಂತೆ ಮಾಡಿದನು. ಜನ ಎಷ್ಟು ಜಟಿಲವಾದ ಯಂತ್ರವೆಂದು ತಲೆದೂಗಿದರು. ಕುಶಲಕರ್ಮಿಯ ಶ್ರಮ ಕಾಣದಂತೆ ಇದ್ದಾಗ ಲೋಕ ಅದಕ್ಕೆ ಬೆಲೆ ಕೊಡುವುದಿಲ್ಲವೆಂಬ ಕಹಿ ಈ ಹಾಸ್ಯದೊಳಗಿದೆ.

೧೮೫೦ರಿಂದ ೧೯೧೪ರವರೆಗಿನ ಕಾಲವನ್ನು ಕೀಲುಬೊಂಬೆಗಳ ಸುವರ್ಣಯುಗವೆಂದು ಕರೆಯುವ ವಾಡಿಕೆಯಿದೆ. ಅದರ ನೆಲೆ ಪ್ಯಾರಿಸ್ಸಿನ ಮಾರೇ ಎಂಬ ಹಳೆಯ ಬಡಾವಣೆ. ಒಂದು ಕಾಲಕ್ಕೆ ಶ್ರೀಮಂತರ ಮಹಲುಗಳಾಗಿದ್ದು, ಆಮೇಲೆ ಕೋಣೆಕೋಣೆಯಾಗಿ ಒಡೆದ ಮನೆಗಳಲ್ಲಿ ಕಸಬುದಾರರು ತುಂಬಿಕೊಂಡಿದ್ದ ಪ್ರದೇಶ ಅದು. ಈಗ ಬೊಂಬೆ ಅರಸರ ವಿಸ್ಮಯವಾಗಿ ಉಳಿಯಲಿಲ್ಲ. ಅನುಕೂಲಸ್ಥರ ನಡುಮನೆಯ ಅಲಂಕಾರವಾಯಿತು. ಬೋಂತಾಂ ಮನೆತನವು ಹಾಡುವ ಹಕ್ಕಿಗಳಿಗೆ ಹೆಸರಾಯಿತು: ಪುಟ್ಟ ತಿದಿ, ಅದರ ಗಾಳಿಗೆ ಸಿಳ್ಳು, ಸಿಳ್ಳಿನೊಳಗೆ ಹಿಂದೆ ಮುಂದೆ ಜಾರುವ ಬಿರಟೆ, ಅದನ್ನು ಜಾರಿಸಲು ಅಂಚು ಕೊರೆದ ಬಿಲ್ಲೆಗಳು, ಇಷ್ಟರಿಂದ ಕೋಗಿಲೆಯಂಥ ಕಂಠ. ಫಾಲಿಬ್ವಾ ಕೋತಿಗಳನ್ನು ಮನುಷ್ಯರಂತೆ ಉಡಿಸಿ ಆಡಿಸಿದನು. ಗುಸ್ತಾವ್ ವಿಶಿ (೧೮೩೯-೧೯೦೪) ಇವರೆಲ್ಲರಲ್ಲಿ ಶ್ರೇಷ್ಠನೆಂಬುದು ಪ್ರಕೃತ ಲೇಖಕನ ಅಭಿಪ್ರಾಯ.

ವಿಶಿಯ ಬೊಂಬೆಗಳಲ್ಲಿ ಒಂದನ್ನು ವರ್ಣಿಸಿದರೆ ಸಾಕು. ಪಿಯೆರೋ ಎಂಬುದು ಫ್ರೆಂಚ್ ನಾಟಕದ ಬಿಳಿಮುಖದ ವಿಷಣ್ಣ ಹಾಸ್ಯಗಾರನ ಹೆಸರು. ಆತನು ಮೇಜಿನ ಮುಂದೆ ಕುಳಿತು ದೀಪದ ಬೆಳಕಿನಲ್ಲಿ ನಲ್ಲೆಗೆ ಕಾಗದ ಬರೆಯುತ್ತಿದ್ದಾನೆ. ಬರೆಯುತ್ತ ಬರೆಯುತ್ತ ರೆಪ್ಪೆಗಳು ಜೋಲುತ್ತವೆ, ತಲೆ ವಾಲುತ್ತದೆ, ಕೈ ನಿಲ್ಲುತ್ತದೆ. ದೀಪವೂ ಮೆಲ್ಲಮೆಲ್ಲನೆ ಕುಗ್ಗುತ್ತದೆ. ಫಕ್ಕನೆ ಎಚ್ಚೆತ್ತು, ಬತ್ತಿಯನ್ನು ಏರಿಸಿ, ಮತ್ತೆ ಬರೆಯತೊಡಗುತ್ತಾನೆ. ಜಾಕೆ-ದ್ರೋ ಅವರ ಲೇಖಕನಂತೆ ಇವನು ಓದಬಹುದಾದ ವಾಕ್ಯಗಳನ್ನು ರಚಿಸುವುದಿಲ್ಲ. ಆ ದೃಷ್ಟಿಯಿಂದ ಯಂತ್ರ ಸರಳವಾಯಿತೆನ್ನಬಹುದು. ಆದರೆ ಕೆಲಸವನ್ನು ಸರಿಯಾಗಿ ಮಾಡುವ ಬೊಂಬೆಗಿಂತ ಕೆಲಸದ ನಡುವೆ ತೂಕಡಿಸುವ ಬೊಂಬೆ ಮನುಷ್ಯನಿಗೆ ಹೆಚ್ಚು ಹತ್ತಿರವಾಗಿದೆ.

ಇಂಥ ಬೊಂಬೆಯನ್ನು ಬಿಚ್ಚಿದರೆ ಒಳಗೆ ಸುರುಳಿ ಸ್ಪ್ರಿಂಗು, ವೇಗವನ್ನು ತಡೆಹಿಡಿಯುವ ಗಾಳಿರೆಕ್ಕೆ, ಒಂದರ ಪಕ್ಕದಲ್ಲೊಂದಾಗಿ ಪೋಣಿಸಿದ ಬಿಲ್ಲೆಗಳು, ಅವುಗಳ ಅಂಚನ್ನು ಸವರುತ್ತ ಏರಿಳಿಯುವ ಸನ್ನೆಗೋಲುಗಳು, ಅಲ್ಲಿಂದ ಕತ್ತಿಗೂ ಕೈಗೂ ರೆಪ್ಪೆಗೂ ಹೋದ ತಂತಿಗಳು ಕಾಣುತ್ತವೆ. ಪಕ್ಕದಲ್ಲಿ ಒಂದು ಸಂಗೀತದ ಪೆಟ್ಟಿಗೆ. ಅದು ಬಹುಮಟ್ಟಿಗೆ ಸ್ವಿಸ್ ನಾಡಿನಿಂದ ತರಿಸಿದುದು. ಮೈ ಅರೆದ ಕಾಗದದ ಅಚ್ಚು. ತಲೆ ಹಲವು ವೇಳೆ ಜುಮೋ ಎಂಬ ಬೊಂಬೆ ಕಾರ್ಖಾನೆಯ ಪಿಂಗಾಣಿ. ಕಣ್ಣು ಗಾಜು, ರೆಪ್ಪೆ, ತುಟಿ ಎಳೆಯ ಮೇಕೆಯ ಚರ್ಮ. ಉಡುಪು ರೇಷ್ಮೆ, ಮಖಮಲ್ಲು, ಜರತಾರಿ. ಈ ಪಟ್ಟಿಯನ್ನು ನೋಡಿದವರು ‘ಇದು ವಿಶಿಯ ಬೊಂಬೆ’, ‘ಇದು ಲಾಂಬೇರನ ಬೊಂಬೆ’ ಎಂಬ ಮಾತಿಗೆ ಎಷ್ಟು ಅರ್ಥವಿದೆಯೆಂದು ಯೋಚಿಸಬೇಕಾಗುತ್ತದೆ. ಲೆಯೊಪೋಲ್ದ್ ಲಾಂಬೇರ್ (೧೮೫೪-೧೯೩೫) ವಿಶಿಯ ಅಂಗಡಿಯಲ್ಲಿ ಕೆಲಸಮಾಡಿ ಆಮೇಲೆ ಸ್ವಂತ ಕಾರ್ಯಾಗಾರವನ್ನು ತೆರೆದವನು. ಅವನ ಬೊಂಬೆಗಳ ಸೊಗಸಿನಲ್ಲಿ ಅರ್ಧಪಾಲು ಉಡುಪಿನದು. ಆ ಉಡುಪುಗಳನ್ನು ಸಿದ್ಧಪಡಿಸಿದವಳು ಅವನ ಹೆಂಡತಿ. ಕೀಲಿಕೈಯ ಮೇಲೆ ಕೊರೆದಿರುವುದು ಮಾತ್ರ ಯಜಮಾನನ ಗುರುತು. ವಿಶಿಯದಕ್ಕೂ ರೂಲೆ-ದೆಕಾಂ ಅಂಗಡಿಯದಕ್ಕೂ ಹೀಗೆಯೇ ಕೀಲಿಕೈಗಳ ಮೇಲೆ ಅಕ್ಷರಗಳುಂಟು. ಸಂಗ್ರಾಹಕರು ಈ ಅಕ್ಷರಗಳನ್ನು ನೆಚ್ಚಿ ಕರ್ತೃವನ್ನು ನಿರ್ಣಯಿಸುವುದುಂಟು. ಆದರೆ ಕೀಲಿಕೈ ಬೊಂಬೆಗೆ ಅಂಟಿಕೊಂಡಿರುವ ವಸ್ತುವಲ್ಲ. ನೂರು ವರ್ಷದಲ್ಲಿ ಅದು ಒಂದರಿಂದ ಇನ್ನೊಂದಕ್ಕೆ ಸುಲಭವಾಗಿ ಬದಲಾಗಬಹುದು. ಬಿಲ್ಲೆಗಳನ್ನು ಕೊರೆದ ರೀತಿ, ಸನ್ನೆಗೋಲುಗಳ ಜೋಡಣೆ, ತಲೆಯ ಹಿಂಭಾಗದ ಅಚ್ಚು, ಹೊಲಿಗೆ, ಇವು ನಾಲ್ಕೂ ಒಂದೇ ಮಾತನ್ನು ಹೇಳಿದಾಗ ಮಾತ್ರ ಕೀಲಿಕೈಯ ಸಾಕ್ಷ್ಯಕ್ಕೆ ಬೆಲೆ. ಶಾಸನದ ಮಿತಿಯನ್ನು ಲಿಪಿ, ಭಾಷೆಗಳೊಡನೆ ತಾಳೆನೋಡುವ ಕ್ರಮ ಇಲ್ಲಿಗೂ ಅನ್ವಯಿಸುತ್ತದೆ.

ಈ ಯುಗದ ಬೊಂಬೆಗಳ ವಸ್ತುವನ್ನು ಕುರಿತೂ ಒಂದು ಮಾತು ಅಗತ್ಯ. ಹಾವಾಡಿಸುವ ಪೂರ್ವದೇಶದ ಹೆಣ್ಣು, ಹುಕ್ಕಾ ಸೇದುವ ತುರ್ಕಿಯವನು, ವಾದ್ಯ ಬಾರಿಸುವ ಕರಿಯ ಜನ ಮತ್ತೆ ಮತ್ತೆ ಬರುತ್ತಾರೆ. ಫ್ರಾನ್ಸ್ ಆಫ್ರಿಕ, ಏಷ್ಯ ಖಂಡಗಳಲ್ಲಿ ನೆಲವನ್ನು ಗೆಲ್ಲುತ್ತಿದ್ದ ಕಾಲವದು. ಗೆದ್ದ ನಾಡಿನ ಮನುಷ್ಯನು ಗೆದ್ದವರ ನಡುಮನೆಯಲ್ಲಿ ಕೀಲಿ ಕೊಟ್ಟಾಗ ಕುಣಿಯುವ ಬೊಂಬೆಯಾದನು. ಕೆಲಸದ ನಯವನ್ನು ಮೆಚ್ಚುವಾಗ ಇದನ್ನು ಮರೆಯುವುದು ಚರಿತ್ರಕಾರನಿಗೆ ತರವಲ್ಲ.

ಜಾನ್ ರೂಲೆ ೧೮೬೬ರ ಸುಮಾರಿಗೆ ಆರಂಭಿಸಿ, ೧೮೮೯ರಲ್ಲಿ ಅಳಿಯ ಎರ್ನೆಸ್ಟ್ ದೆಕಾಂನನ್ನು ಪಾಲುಗಾರನಾಗಿ ಸೇರಿಸಿಕೊಂಡ ಅಂಗಡಿಯೊಂದೇ ಇವುಗಳಲ್ಲಿ ಬಹುಕಾಲ ಬಾಳಿತು. ಮೊಮ್ಮಗ ಗಾಸ್ತೋನ್ ದೆಕಾಂ ಕಾಲಕ್ಕೆ ಬೊಂಬೆ ನಡುಮನೆಯಿಂದ ಅಂಗಡಿಯ ಕಿಟಕಿಗೆ ಬಂದಿತು. ೧೯೦೯ರಲ್ಲಿ ಪ್ಯಾರಿಸ್ಸಿನ ಬಾನ್ ಮಾರ್ಶೆ ಮಳಿಗೆಯ ಕ್ರಿಸ್ಮಸ್ ಕಿಟಕಿಯಲ್ಲಿ ಉತ್ತರಧ್ರುವದ ದೃಶ್ಯ ಚಲಿಸಿತು. ಸ್ಪ್ರಿಂಗಿನ ಸ್ಥಾನವನ್ನು ವಿದ್ಯುತ್ತು ಆಕ್ರಮಿಸಿತು. ಮೊದಲನೆಯ ಮಹಾಯುದ್ಧದ ಅನಂತರ ಉಳಿದ ಅಂಗಡಿಗಳು ಒಂದೊಂದಾಗಿ ಮುಚ್ಚಿದವು. ರೂಲೆ-ದೆಕಾಂ ಮನೆಯ ದೊಡ್ಡ ಸಂಗ್ರಹವೊಂದು ದಕ್ಷಿಣ ಫ್ರಾನ್ಸಿನ ಸುಯಾಕ್ ಊರಿನಲ್ಲಿ ೧೯೮೮ರಲ್ಲಿ ತೆರೆದ ಕೀಲುಬೊಂಬೆಗಳ ವಸ್ತುಸಂಗ್ರಹಾಲಯಕ್ಕೆ ಸೇರಿದೆ.

ಇನ್ನು ನಮ್ಮ ನಾಡಿಗೆ ನೇರವಾಗಿ ಸಂಬಂಧಪಟ್ಟ ಒಂದು ಸಂಗತಿ. ಟಿಪ್ಪುಸುಲ್ತಾನನ ಹುಲಿಯೆಂದು ಪ್ರಸಿದ್ಧವಾದ ಯಂತ್ರವು ೧೭೯೯ರಲ್ಲಿ ಶ್ರೀರಂಗಪಟ್ಟಣದ ಲೂಟಿಯಲ್ಲಿ ಇಂಗ್ಲಿಷರ ಕೈಸೇರಿ, ಈಗ ಲಂಡನ್ನಿನ ವಿಕ್ಟೋರಿಯ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಐರೋಪ್ಯನೊಬ್ಬನನ್ನು ಕೆಡವಿ ಮೇಲೆರಗಿದ ಮರದ ಹುಲಿ; ಹಿಡಿಯನ್ನು ತಿರುಗಿಸಿದರೆ ಒಳಗಿನ ತಿದಿಗಳಿಂದ ಹುಲಿ ಗುರುಗುಟ್ಟುತ್ತದೆ, ಬಿದ್ದವನು ಕೈಯೆತ್ತಿ ನರಳುತ್ತಾನೆ. ಹೊಟ್ಟೆಯೊಳಗೆ ೧೮ ಮನೆಗಳ ಒಂದು ಆರ್ಗನ್ ವಾದ್ಯವೂ ಇದೆ. ಮರಗೆತ್ತನೆಯೂ ಬಣ್ಣವೂ ನಮ್ಮ ಕಡೆಯ ಕೈಗಳದೆಂಬುದರಲ್ಲಿ ವಿದ್ವಾಂಸರಿಗೆ ಸಂಶಯವಿಲ್ಲ. ಒಳಗಿನ ಯಂತ್ರದಲ್ಲಿ ಫ್ರೆಂಚ್ ಕುಶಲಕರ್ಮಿಗಳ ಕೈಯಿರಬಹುದೆಂದು ಹಲವರು ಹೇಳಿದ್ದಾರೆ. ಈ ಊಹೆಗೆ ಆಧಾರವಿಲ್ಲದಿಲ್ಲ: ೧೭೮೮ರ ಆಗಸ್ಟಿನಲ್ಲಿ ವರ್ಸೇಲ್ಸಿನಲ್ಲಿ ಹದಿನಾರನೆಯ ಲೂಯಿಯನ್ನು ಕಂಡ ಟಿಪ್ಪುವಿನ ರಾಯಭಾರಿಗಳು ಸೈನ್ಯದ ನೆರವಿನೊಡನೆ ಕುಶಲಕರ್ಮಿಗಳನ್ನೂ ಕೇಳಿದ್ದರು, ಸೈನ್ಯ ದೊರೆಯಲಿಲ್ಲ, ಕುಶಲಕರ್ಮಿಗಳು ಬಂದರು. ವೋಕಾನ್ಸನ್ ತೀರಿಹೋಗಿ ಆಗ ಆರೇ ವರ್ಷ.

ಆದರೆ ಫ್ರೆಂಚರು ಶ್ರೀರಂಗಪಟ್ಟಣದಲ್ಲಿದ್ದರೆಂಬುದು ಬೇರೆ, ಹುಲಿಯ ಯಂತ್ರವನ್ನು ಅವರೇ ಮಾಡಿದರೆಂಬುದು ಬೇರೆ. ಕಷ್ಟವಾದ ಕೆಲಸವೆಂದರೆ ಹೊರಗಿನವರದೇ ಇರಬೇಕೆಂಬ ಪೂರ್ವಗ್ರಹವನ್ನು ಇಲ್ಲಿ ಬಿಡಬೇಕು; ತಿದಿ ಒತ್ತಿ ಕಬ್ಬಿಣ ಕಾಯಿಸಿದ, ಫಿರಂಗಿ ಎರಕಹೊಯ್ದ ಕೈಗಳು ಮೈಸೂರು ಸೀಮೆಯಲ್ಲಿ ಕಡಮೆಯಿರಲಿಲ್ಲ. ಹಾಗೆಯೇ ಎಲ್ಲವೂ ನಮ್ಮವರದೇ ಎಂಬ ಅಭಿಮಾನಕ್ಕೂ ಎಡೆಕೊಡಬಾರದು. ಮಾಯಾರ್ದೆಯ ಬೊಂಬೆಯಂತೆ ಈ ಹುಲಿ ತನ್ನ ಅಂಕಿತವನ್ನು ತಾನೇ ಬರೆಯುವುದಿಲ್ಲ. ಮೇಲಾಗಿ ಅದು ಬಹಳ ಕೈಗಳನ್ನು ಕಂಡಿದೆ. ೧೮೦೮ರಿಂದ ಲಂಡನ್ನಿನ ಈಸ್ಟ್ ಇಂಡಿಯ ಹೌಸಿನಲ್ಲಿ ಅದನ್ನು ಇಟ್ಟಿದ್ದಾಗ ಬಂದವರೆಲ್ಲ ಹಿಡಿ ತಿರುಗಿಸಿ ಗುರುಗುಟ್ಟಿಸುತ್ತಿದ್ದರು. ಅಲ್ಲಿನ ಪುಸ್ತಕಾಲಯದಲ್ಲಿ ಓದುತ್ತಿದ್ದ ವಿದ್ವಾಂಸರು ಈ ಗರ್ಜನೆಯಿಂದ ರೋಸಿಹೋಗಿದ್ದರು. ಮುಂದೆ ಆ ಹಿಡಿಯೂ ಕಳೆದುಹೋಯಿತು. ಎರಡನೆಯ ಮಹಾಯುದ್ಧದ ಬಾಂಬುದಾಳಿಯಲ್ಲಿ ಚಾವಣಿ ಕುಸಿದು ಹುಲಿ ನುಚ್ಚುನೂರಾಯಿತು. ಯುದ್ಧಾನಂತರ ತುಂಡುಗಳನ್ನು ಕೂಡಿಸಿ ನಿಲ್ಲಿಸಿದರು. ಆದುದರಿಂದ ಇಂದು ಅದರ ಹೊಟ್ಟೆಯೊಳಗೆ ಇಣುಕುವವನು ಪ್ರತಿಯೊಂದು ಸನ್ನೆಯನ್ನೂ ಕೊಳವೆಯನ್ನೂ ಕುರಿತು, ಇದು ಶ್ರೀರಂಗಪಟ್ಟಣದ್ದೇ, ಲಂಡನ್ನಿನ ದುರಸ್ತಿಯವನದೇ ಎಂದು ಮೊದಲು ಕೇಳಬೇಕು. ಫ್ರೆಂಚರದೇ, ನಮ್ಮವರದೇ ಎಂಬ ಪ್ರಶ್ನೆ ಅದರ ಅನಂತರದ್ದು.